ತೇತಿಶೇರಿಗೆ ಮುಖ ಕೊಟ್ಟವರು: ಮ್ಯೂಸಿಯಂಗಳೊಳಗಿನ ನಕಲಿ ಈಜಿಪ್ಟ್



ಇತಿಹಾಸದ ಆಕರಗಳನ್ನು ಕುರಿತು ಮಾತಾಡಬೇಕೆಂಬುದು ಈ ದತ್ತಿ ಉಪನ್ಯಾಸದ ಆಶಯ. ಆಕರವೆಂದು ನಂಬಿದ ವಸ್ತುವೇ ಸುಳ್ಳೆಂದು ತಿಳಿದಾಗ ಏನಾಗುತ್ತದೆ ಎಂಬುದನ್ನು ಇವತ್ತಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಪ್ರಾಚೀನ ಈಜಿಪ್ಟಿನವು. ಇನ್ನೂರು ವರ್ಷಗಳಿಂದ ಯುರೋಪು, ಅಮೆರಿಕಗಳು ಆ ದೇಶದ ಹಳೆಯ ವಸ್ತುಗಳನ್ನು ಹಸಿದವರಂತೆ ಕೊಂಡಿವೆ. ಆ ಹಸಿವು ಇದ್ದಷ್ಟು ಕಾಲವೂ ಅದಕ್ಕೆ ಉಣಬಡಿಸುವ ಕೈಗಳೂ ಇದ್ದವು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಣ್ಣಕಲ್ಲಿನ ಒಂದು ಪುಟ್ಟ ವಿಗ್ರಹವಿದೆ. ಒಂದು ಮೊಳವೂ ಎತ್ತರವಿಲ್ಲ. ಪೀಠದ ಮೇಲೆ ನೆಟ್ಟಗೆ ಕುಳಿತ ಎಳೆಯ ಹೆಣ್ಣು. ತಲೆಗೆ ರಣಹದ್ದಿನ ಆಕಾರದ ಕಿರೀಟ; ಅದರ ರೆಕ್ಕೆಗಳು ಕೆನ್ನೆಗಳ ಪಕ್ಕದಿಂದ ಇಳಿದು ಎದೆಯವರೆಗೆ ಬಂದಿವೆ. ಪೀಠದ ಮೇಲಿನ ಬರಹ ಆಕೆಯನ್ನು ರಾಣಿ ತೇತಿಶೇರಿ ಎಂದು ಕರೆಯುತ್ತದೆ. ಈ ತೇತಿಶೇರಿ ಸಾಮಾನ್ಯಳಲ್ಲ. ಪರಕೀಯರಾದ ಹಿಕ್ಸೋಸರನ್ನು ಓಡಿಸಿ ಈಜಿಪ್ಟನ್ನು ಮತ್ತೆ ಒಂದುಗೂಡಿಸಿದ ಆಹ್ಮೋಸ್ ದೊರೆಯ ಅಜ್ಜಿ. ರಾಜಮನೆತನದಲ್ಲಿ ಹುಟ್ಟದೆ ಒಂದು ರಾಜವಂಶಕ್ಕೇ ಹಿರಿಯಳಾದವಳು. ಈ ವಿಗ್ರಹವನ್ನು 1890ರ ಸುಮಾರಿಗೆ ಲಕ್ಸರ್‌ನಲ್ಲಿ ಬ್ರಿಟಿಷ್ ಮ್ಯೂಸಿಯಂಗಾಗಿ ಕೊಂಡವರು ವಾಲಿಸ್ ಬಡ್ಜ್. ಅಲ್ಲಿಂದ ಮುಂದೆ ಹೆಚ್ಚುಕಡಿಮೆ ನೂರು ವರ್ಷ ಈಜಿಪ್ಟಿನ ಕಲೆಯ ಪುಸ್ತಕಗಳಲ್ಲಿ ಈ ಮುಖ ಅಚ್ಚಾಯಿತು. ಹದಿನೆಂಟನೆಯ ರಾಜವಂಶದ ಕಲೆ ಹೀಗೆ ಕಣ್ಣು ತೆರೆಯಿತು ಎಂದು ವಿದ್ವಾಂಸರು ಇದನ್ನೇ ಮುಂದಿಟ್ಟುಕೊಂಡು ವಿವರಿಸಿದರು. ಆ ತೆಳು ಮೈಯಲ್ಲಿ, ಆ ಮುಗ್ಧ ನೋಟದಲ್ಲಿ ಒಂದು ಯುಗದ ಮುಂಜಾವನ್ನು ಕಂಡರು.

1984ರಲ್ಲಿ ಅದೇ ಮ್ಯೂಸಿಯಂನ ವಿದ್ವಾಂಸ ಡಬ್ಲ್ಯು. ವಿ. ಡೇವಿಸ್ ಒಂದು ಸಣ್ಣ ಪುಸ್ತಕ ಹೊರತಂದರು. ತೇತಿಶೇರಿಯ ಇನ್ನೊಂದು ವಿಗ್ರಹದ ಕೆಳಭಾಗ ಮಾತ್ರ ಕೈರೋದ ಫ್ರೆಂಚ್ ಸಂಸ್ಥೆಯಲ್ಲಿತ್ತು. ಆಮೇಲೆ ಅದು ಕಾಣೆಯಾಯಿತು. ಆ ಮುರುಕಿನ ಬರಹವನ್ನೂ ಲಂಡನ್ನಿನ ವಿಗ್ರಹದ ಬರಹವನ್ನೂ ಡೇವಿಸ್ ಅಕ್ಷರಕ್ಕೆ ಅಕ್ಷರ ಹೋಲಿಸಿದರು. ಲಂಡನ್ನಿನದು ಆ ಮುರುಕನ್ನು ನೋಡಿಕೊಂಡು ಕೊರೆದದ್ದು, ಅದೂ ಭಾಷೆ ಬಾರದ ಕೈ ಕೊರೆದದ್ದು ಎಂಬ ತೀರ್ಮಾನಕ್ಕೆ ಬಂದರು. ಮೂಲದಲ್ಲಿ ಸೊಂಟದಿಂದ ಮೇಲೆ ಏನೂ ಉಳಿದಿರಲಿಲ್ಲ. ಆದ್ದರಿಂದ ಇಷ್ಟು ವರ್ಷ ತೇತಿಶೇರಿಯ ಮುಖವೆಂದು ಜಗತ್ತು ನೋಡಿದ್ದು ಹತ್ತೊಂಬತ್ತನೆಯ ಶತಮಾನದ ಒಬ್ಬ ಕುಶಲಕರ್ಮಿಯ ಕಲ್ಪನೆಯನ್ನು.

ಈ ಸಂಗತಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಣ ಹೋಯಿತೆಂದಲ್ಲ, ಸತ್ತುಹೋದ ಒಬ್ಬ ಹೆಣ್ಣಿಗೆ ಆಕೆಯದಲ್ಲದ ಮುಖವನ್ನು ಅಂಟಿಸಿಬಿಟ್ಟರಲ್ಲ ಎಂದು. ನಿಜವಾದ ತೇತಿಶೇರಿ ನಮಗೆ ಸಿಕ್ಕಿಲ್ಲವೆಂದೂ ಅಲ್ಲ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ಲಿಂಡರ್ಸ್ ಪೆಟ್ರಿಯವರ ತಂಡ ಅಬೈಡಾಸ್‌ನಲ್ಲಿ ಅಗೆಯುವಾಗ ಒಂದು ದೊಡ್ಡ ಶಿಲಾಫಲಕ ಹೊರಬಂತು. ಆಹ್ಮೋಸ್ ದೊರೆ ತನ್ನ ರಾಣಿಯೊಡನೆ ಕುಳಿತು, ತೀರಿಹೋದ ಹಿರಿಯರಿಗೆ ಏನು ಮಾಡಬೇಕೆಂದು ಮಾತಾಡುವುದು ಅದರಲ್ಲಿದೆ. ಅಜ್ಜಿ ತೇತಿಶೇರಿಗೆ ಬೇರೆಡೆ ಸಮಾಧಿ ಇದ್ದರೂ ಈ ಪುಣ್ಯಭೂಮಿಯಲ್ಲಿ ಅವಳಿಗಾಗಿ ಒಂದು ಪಿರಮಿಡ್ ಕಟ್ಟಿಸಬೇಕು, ತೋಟ, ಹೊಲ, ಪೂಜಾರಿಗಳನ್ನು ಬಿಡಬೇಕು ಎಂದು ಅವನು ಹೇಳುತ್ತಾನೆ. ಮೊಮ್ಮಗನ ಈ ಮಾತಿನಲ್ಲಿರುವ ತೇತಿಶೇರಿ ಆ ಚೆಲುವಿನ ಬೊಂಬೆಗಿಂತ ಎಷ್ಟೋ ದೊಡ್ಡವಳು. ಆದರೂ ಪುಸ್ತಕಗಳ ಹೊದಿಕೆಗೆ ಬೇಕಾದದ್ದು ಮುಖ.

ಇಂಥವನ್ನು ಮಾಡುತ್ತಿದ್ದವರು ಯಾರು? ಇಂಗ್ಲಿಷ್ ಲೇಖಕಿ ಅಮೀಲಿಯ ಎಡ್ವರ್ಡ್ಸ್ 1873-74ರ ಚಳಿಗಾಲದಲ್ಲಿ ನೈಲ್ ನದಿಯ ಮೇಲೆ ಪ್ರಯಾಣ ಮಾಡಿ 1877ರಲ್ಲಿ ಅದರ ಕಥನ ಬರೆದರು. ಲಕ್ಸರ್‌ನಲ್ಲಿ ಹಳೆಯ ವಸ್ತುಗಳನ್ನು ತಯಾರಿಸುವುದೇ ಒಂದು ಕಸುಬಾಗಿತ್ತು ಎಂದು ಅವರು ವಿವರವಾಗಿ ಹೇಳಿದ್ದಾರೆ. ಸ್ಕ್ಯಾರಬ್ ಎಂಬ ದುಂಬಿಯಾಕಾರದ ತಾಯಿತಗಳನ್ನು ಕೊರೆದು, ಅವುಗಳಿಗೆ ಹಳೆತನ ಬರಲೆಂದು ಟರ್ಕಿ ಕೋಳಿಗಳಿಗೆ ನುಂಗಿಸುತ್ತಿದ್ದರಂತೆ. 1912ರಲ್ಲಿ ಟಿ. ಜಿ. ವೇಕ್‌ಲಿಂಗ್ ಎಂಬವರು ಈ ಕಸುಬಿನ ಮೇಲೆಯೇ ಇಡೀ ಪುಸ್ತಕ ಬರೆದರು. 1930ರಲ್ಲಿ ಲುಡ್ವಿಗ್ ಬೋರ್ಕಾರ್ಟ್, ಅಂದರೆ ನೆಫರ್‌ಟೀಟಿಯ ಶಿರೋಶಿಲ್ಪವನ್ನು ಅಗೆದು ತೆಗೆಸಿದವರು, ಮ್ಯೂಸಿಯಂಗಳಲ್ಲಿರುವ ಯಾವ ಯಾವ ವಸ್ತುಗಳು ತಮ್ಮ ದೃಷ್ಟಿಯಲ್ಲಿ ಹೊಸವು ಎಂದು ಬಹಿರಂಗವಾಗಿ ಪಟ್ಟಿಮಾಡಿದರು. ಅದಕ್ಕೆ ಧೈರ್ಯ ಬೇಕಿತ್ತು.

ಲಕ್ಸರಿನ ಎದುರು ದಂಡೆಯ ಕುರ್ನಾ ಹಳ್ಳಿಯ ಕೆಲಸಗಾರರನ್ನು ನಾನು ಖಳನಾಯಕರನ್ನಾಗಿ ಮಾಡಲಾರೆ. ಗೋರಿಗಳ ಮೇಲೆಯೇ ಮನೆ ಕಟ್ಟಿಕೊಂಡು ಬದುಕಿದ ಬಡವರು ಅವರು. ಪರದೇಶದ ದೊರೆಗಳು ಬಂದು ಕೇಳಿದ್ದನ್ನು ಕೈಯಲ್ಲಿದ್ದ ಕಲ್ಲು, ಕಣ್ಣ ಮುಂದಿದ್ದ ಮಾದರಿ, ಅಪ್ಪನಿಂದ ಬಂದ ಉಳಿ, ಇಷ್ಟರಿಂದಲೇ ಮಾಡಿಕೊಟ್ಟರು. ಹೆಚ್ಚಿನ ಹೊಣೆ ಕೊಂಡವರದು. ಅಗೆತದ ದಾಖಲೆ ಕೇಳದೆ, ಬಜಾರಿನಲ್ಲಿ ರಾತ್ರೋರಾತ್ರಿ ಚೌಕಾಶಿ ಮಾಡಿ, ಬೇರೆ ಮ್ಯೂಸಿಯಂನವರಿಗಿಂತ ಮೊದಲು ಎತ್ತಿಕೊಂಡು ಹೋಗುವುದೇ ಸಾಹಸವೆಂದು ಬಗೆದವರದು.

ಈಗ ಬೋಲ್ಟನ್ನಿಗೆ ಬರುತ್ತೇನೆ. ಇದು ಮ್ಯಾಂಚೆಸ್ಟರ್ ಬಳಿಯ ನೂಲಿನ ಊರು. ನಯವಾದ ಎಳೆ ತೆಗೆಯಲು ಅಲ್ಲಿನ ಗಿರಣಿಗಳು ಈಜಿಪ್ಟಿನ ಹತ್ತಿಯನ್ನು ತರಿಸಿಕೊಳ್ಳುತ್ತಿದ್ದವು. ಅಮೀಲಿಯ ಎಡ್ವರ್ಡ್ಸ್ 1882ರಲ್ಲಿ ಇತರರೊಡನೆ ಸೇರಿ ಈಜಿಪ್ಟಿನ ಉತ್ಖನನಕ್ಕಾಗಿ ಒಂದು ನಿಧಿ ಸ್ಥಾಪಿಸಿದರು. ಬೋಲ್ಟನ್ನಿನ ಗಿರಣಿ ಮನೆತನದ ಆ್ಯನಿ ಬಾರ್ಲೊ ತಮ್ಮ ಊರಿನಲ್ಲಿ ಅದಕ್ಕೆ ಹಣ ಕೂಡಿಸಿದರು. ಅಗೆದು ತೆಗೆದ ವಸ್ತುಗಳಲ್ಲಿ ಒಂದು ಪಾಲು ಊರಿನ ಮ್ಯೂಸಿಯಂಗೆ ಬಂತು. ನೂಲಿನ ಊರಾದ್ದರಿಂದ ಪ್ರಾಚೀನ ನಾರುಬಟ್ಟೆಗಳ ಒಳ್ಳೆಯ ಸಂಗ್ರಹವೂ ಬೆಳೆಯಿತು. ಯಾವ ಗೋರಿ, ಯಾವ ಪದರ, ಯಾರು ಅಗೆದದ್ದು ಎಂದು ಹೇಳಬಲ್ಲಂಥ ಮಣಿ, ಮಡಕೆ, ಬಟ್ಟೆಗಳು. ನನ್ನ ಕಣ್ಣಿಗೆ ಅದೇ ನಿಜವಾದ ಐಶ್ವರ್ಯ.

2002ರಲ್ಲಿ ಆ ಮ್ಯೂಸಿಯಂನ ಸಂಪರ್ಕಕ್ಕೆ ಜಾರ್ಜ್ ಗ್ರೀನ್‌ಹಾಲ್ ಎಂಬ ವೃದ್ಧ ಬಂದ. ಗಾಲಿಕುರ್ಚಿಯಲ್ಲಿ ಓಡಾಡುವವನು, ಅದೇ ಊರಿನವನು. ಹಿರಿಯರ ಕಾಲದಿಂದ ಮನೆಯಲ್ಲಿ ಒಂದು ಕಲ್ಲಿನ ಬೊಂಬೆ ಇದೆ, ಹೆಚ್ಚು ಬೆಲೆಯದೇನಲ್ಲ ಎಂಬ ಧಾಟಿ ಅವನದು. ಬೊಂಬೆ ಸುಮಾರು 51 ಸೆಂಟಿಮೀಟರ್. ತಲೆಯಿಲ್ಲ, ತೋಳಿಲ್ಲ, ಮೊಣಕಾಲಿನಿಂದ ಕೆಳಗೂ ಇಲ್ಲ. ಮೈಗಂಟಿದ ನೆರಿಗೆಯ ಉಡುಗೆ, ತುಂಬಿದ ಸೊಂಟ, ಬೆಳಕು ಹಾಯುವ ಹಾಲುಗಲ್ಲು. ನೋಡಿದವರಿಗೆ ಅಮರ್ನಾದಿಂದ ಆಳಿದ ದೊರೆ ಅಖೆನಾತೆನ್ ಮತ್ತು ರಾಣಿ ನೆಫರ್‌ಟೀಟಿಯರ ಮಗಳೊಬ್ಬಳು ನೆನಪಾಗಲೇಬೇಕು. ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಇಂಥದೇ ಒಂದು ಮುಂಡವಿದೆ. ಜೊತೆಗೆ ಕಾಗದವೂ ಬಂತು. ಡೆವನ್‌ನ ಸಿಲ್ವರ್ಟನ್ ಪಾರ್ಕ್ ಬಂಗಲೆಯ ಸಾಮಾನುಗಳನ್ನು 1892ರಲ್ಲಿ ಹರಾಜು ಹಾಕಿದಾಗಿನ ಪಟ್ಟಿ. ಅದರಲ್ಲಿ ಈಜಿಪ್ಟಿನ ಬೊಂಬೆಗಳ ಒಂದು ನಮೂದು ಇತ್ತು. ಹರಾಜು ನಡೆದದ್ದು ನಿಜ, ಪಟ್ಟಿ ನಿಜ, ನಮೂದು ನಿಜ.

ಹರಾಜು ಸಂಸ್ಥೆ ಕ್ರಿಸ್ಟೀಸ್‌ನವರು ನೋಡಿದರು, ಬ್ರಿಟಿಷ್ ಮ್ಯೂಸಿಯಂನವರು ನೋಡಿದರು, ಅಸಲಿಯೆಂದರು. 2003ರಲ್ಲಿ ಬೋಲ್ಟನ್ ಮ್ಯೂಸಿಯಂ ಸುಮಾರು 4,40,000 ಪೌಂಡ್ ಕೊಟ್ಟಿತು. ರಾಷ್ಟ್ರೀಯ ಪರಂಪರೆಗೆಂದು ಮೀಸಲಿಟ್ಟ ನಿಧಿಗಳಿಂದ ಬಂದ ಹಣ ಅದು. ಊರಿನವರು ಸರತಿಯಲ್ಲಿ ಬಂದು ನೋಡಿದರು. ‘ಅಮರ್ನಾ ರಾಜಕುಮಾರಿ’ ಲಂಡನ್ನಿನ ಪ್ರದರ್ಶನಕ್ಕೂ ಹೋಗಿ ಬಂದಳು.

ಅವಳನ್ನು ಕೆತ್ತಿದವನು ಜಾರ್ಜ್‌ನ ಮಗ ಶಾನ್ ಗ್ರೀನ್‌ಹಾಲ್. ಯಾವ ಕಲಾಶಾಲೆಗೂ ಹೋದವನಲ್ಲ. ಪುರಸಭೆಯ ಬಾಡಿಗೆ ಮನೆಯ ಹಿತ್ತಲ ಶೆಡ್ಡಿನಲ್ಲಿ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಉಪಕರಣಗಳಿಂದ, ಮೂರು ವಾರದಲ್ಲಿ ಮುಗಿಸಿದ್ದ. ಹಳೆತನಕ್ಕೆ ಚಹಾ ಮತ್ತು ಜೇಡಿಮಣ್ಣು. 2005ರಲ್ಲಿ ಕುಟುಂಬ ಅಸ್ಸೀರಿಯದ ಉಬ್ಬುಶಿಲ್ಪಗಳನ್ನು ಬ್ರಿಟಿಷ್ ಮ್ಯೂಸಿಯಂ ಮುಂದೆ ತಂದಿಟ್ಟಾಗ ಕಥೆ ಒಡೆಯಿತು. ಕುದುರೆಯ ಸಜ್ಜು ಆ ಕಾಲದ್ದಾಗಿರಲಿಲ್ಲ. ಬೆಣೆಲಿಪಿಯ ಬರಹದಲ್ಲಿ ಕಾಗುಣಿತದ ತಪ್ಪಿತ್ತು. ಪೊಲೀಸರು ಬಂದರು. 2007ರ ನವೆಂಬರಿನಲ್ಲಿ ಶಾನ್‌ಗೆ ನಾಲ್ಕು ವರ್ಷ ಎಂಟು ತಿಂಗಳ ಸೆರೆವಾಸವಾಯಿತು.

ಇಲ್ಲಿ ಒಂದು ವಿಷಯವನ್ನು ಗಮನಕ್ಕೆ ತರಬೇಕು. ಬರಹವಿದ್ದ ಶಿಲ್ಪ ಸಿಕ್ಕಿಬಿತ್ತು. ಬರಹವೇ ಇಲ್ಲದ, ತಲೆಯೂ ಇಲ್ಲದ ರಾಜಕುಮಾರಿ ತಾನಾಗಿ ಸಿಕ್ಕಿಬೀಳಲಿಲ್ಲ. ಮಾತಾಡದಿರುವುದೇ ಅವಳಿಗೆ ರಕ್ಷೆಯಾಗಿತ್ತು. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಲ್ಲಿಗೆ ಅಂಥ ಪರೀಕ್ಷೆ ಸುಲಭವಲ್ಲ. ಇಂಗಾಲದ ಕಾಲನಿರ್ಣಯ ಒಮ್ಮೆ ಜೀವವಿದ್ದ ವಸ್ತುವಿಗೆ ಮಾತ್ರ. ಕಲ್ಲಿನ ವಯಸ್ಸು ಕೋಟಿಗಟ್ಟಲೆ ವರ್ಷ. ಉಳಿ ಬಿದ್ದದ್ದು ಯಾವಾಗ ಎಂದು ಕಲ್ಲು ಹೇಳುವುದಿಲ್ಲ. ಮರದ ಕಾಲ ಹೇಳಬಹುದು, ಆದರೆ ಜಾಣನಾದವನು ಹಳೆಯ ಶವಪೆಟ್ಟಿಗೆಯ ಹಲಗೆಯ ಮೇಲೆಯೇ ಹೊಸ ಮುಖ ಕೆತ್ತುತ್ತಾನೆ. ಬಣ್ಣ ಕೆಲವೊಮ್ಮೆ ಕೈಕೊಡುತ್ತದೆ. ಟೈಟೇನಿಯಂ ಬಿಳಿ ಸಿಕ್ಕಿತೆಂದರೆ ಆ ಬಣ್ಣ ಇಪ್ಪತ್ತನೆಯ ಶತಮಾನದ್ದು. ಪ್ರಾಚೀನರು ಸುಣ್ಣ, ಮರಳು, ತಾಮ್ರ ಸೇರಿಸಿ ಸುಟ್ಟು ಮಾಡಿದ ನೀಲಿಗೆ ಬೆಳಕು ಹಾಯಿಸಿದರೆ ಅದು ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹೊಮ್ಮಿಸುತ್ತದೆ. ಅದನ್ನು ವಿಶೇಷ ಕ್ಯಾಮೆರಾ ಹಿಡಿಯುತ್ತದೆ. ತಾಮ್ರದ ಉಳಿ, ಮರಳುಜ್ಜಿದ ಗೆರೆ, ವಿದ್ಯುತ್ ಯಂತ್ರದ ಗೆರೆ, ಇವುಗಳ ವ್ಯತ್ಯಾಸ ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಇಷ್ಟಿದ್ದರೂ ಬಣ್ಣವಿಲ್ಲದ, ತಿಕ್ಕಿ ನಯಮಾಡಿದ ಕಲ್ಲಿನ ಮುಂದೆ ವಿಜ್ಞಾನ ಬಹಳ ಸಲ ಸುಮ್ಮನೆ ನಿಲ್ಲುತ್ತದೆ.

ಹಾಗಾದರೆ ನಂಬುವುದು ಯಾವುದನ್ನು? ಇದಕ್ಕೆ ಉತ್ತರ ಕೊಡಬಲ್ಲ ಒಂದು ವಸ್ತು ಕನ್ನಡಿಗರಿಗೆ ತೀರ ಹತ್ತಿರದ್ದು. ಈಜಿಪ್ಟಿನ ಆಕ್ಸಿರಿಂಕಸ್‌ನ ಹಳೆಯ ತಿಪ್ಪೆದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಅಗೆಸಿದರು. ಅಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಒಂದು ಪಪೈರಸ್‌ನಲ್ಲಿ ಗ್ರೀಕ್ ಪ್ರಹಸನವಿದೆ. ಕಥೆ ನಡೆಯುವುದು ಹಿಂದೂ ಮಹಾಸಾಗರದ ಒಂದು ತೀರದಲ್ಲಿ. ಅಲ್ಲಿನ ರಾಜ ಮತ್ತು ಅವನ ಕಡೆಯವರು ಗ್ರೀಕ್ ಅಲ್ಲದ ಮಾತಾಡುತ್ತಾರೆ. ಆ ಮಾತು ಕನ್ನಡ ಎಂದು ಮೊದಲು ಸೂಚಿಸಿದವರು ಜರ್ಮನ್ ವಿದ್ವಾಂಸ ಹುಲ್ಶ್. ಶಾಮಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಬೆಳೆಸಿದರು, ಒಪ್ಪದವರೂ ಇದ್ದಾರೆ. ಈಗ ಯೋಚಿಸಿ. ಇದೇ ಪಪೈರಸ್ ಕೈರೋದ ಒಬ್ಬ ವ್ಯಾಪಾರಿಯ ಕಪಾಟಿನಿಂದ ಹೊರಬಂದಿದ್ದರೆ? ಎರಡನೆಯ ಶತಮಾನದ ಈಜಿಪ್ಟಿನಲ್ಲಿ ಕನ್ನಡದ ಮಾತು ಎಂದರೆ ಯಾವ ವಿವೇಕಿಯೂ ಮೊದಲು ಖೋಟಾ ಎನ್ನುತ್ತಿದ್ದ. ಯಾರೂ ಹಾಗೆ ಅನ್ನಲಿಲ್ಲ. ಜಗಳವೆಲ್ಲ ಅದನ್ನು ಓದುವುದು ಹೇಗೆಂಬುದರ ಮೇಲೆ. ಏಕೆಂದರೆ ಆ ತುಂಡು ಮಣ್ಣಿನಿಂದ ಬಂದದ್ದು, ಸಾವಿರಾರು ಬೇರೆ ಪಪೈರಸ್ ತುಂಡುಗಳ ಜೊತೆ, ಅಗೆದವರ ಕಣ್ಣ ಮುಂದೆ. ಖೋಟಾಕೋರ ವಸ್ತುವನ್ನು ಮಾಡಬಲ್ಲ, ಕಾಗದವನ್ನೂ ಹೊಂದಿಸಬಲ್ಲ. ಒಂದು ತಿಪ್ಪೆಯನ್ನು ಅದರ ಪದರಗಳ ಸಮೇತ ಮಾಡಲಾರ.

ನಮ್ಮ ಶಾಸನತಜ್ಞರಿಗೆ ಈ ಎಚ್ಚರ ಹೊಸದಲ್ಲ. ಕೊಡಗಿನ ಮರ್ಕೆರೆ ತಾಮ್ರಪಟ ಗಂಗರ ಅವಿನೀತನ ಕಾಲದ್ದೆಂದು, 388ನೆಯ ವರ್ಷದ್ದೆಂದು ಹೇಳಿಕೊಳ್ಳುತ್ತದೆ. ಅದರ ಅಕ್ಷರಗಳು ಹಲವು ಶತಮಾನ ಈಚಿನವು ಎಂದು ಫ್ಲೀಟ್ ವಾದಿಸಿದರು. ಗಂಗರ ತಾಮ್ರಪಟಗಳ ವಿಷಯದಲ್ಲಿ ಅವರಿಗೂ ರೈಸ್ ಅವರಿಗೂ ನಡೆದ ವಾಗ್ವಾದ ಪ್ರಸಿದ್ಧವಾಗಿದೆ. ಇಂಥ ಕೂಟಶಾಸನಗಳು, ಅಂದರೆ ಖೋಟಾ ಶಾಸನಗಳು, ಹುಟ್ಟಿದ್ದು ಹೆಚ್ಚಾಗಿ ಭೂಮಿಯ ಹಕ್ಕಿಗಾಗಿ. ಈಜಿಪ್ಟಿನಲ್ಲೂ ಅಷ್ಟೆ. ಅಸ್ವಾನ್ ಬಳಿಯ ಸೆಹೆಲ್ ದ್ವೀಪದ ಬಂಡೆಯ ಮೇಲೆ ಏಳು ವರ್ಷದ ಬರಗಾಲವನ್ನು ವರ್ಣಿಸುವ ಶಾಸನವಿದೆ. ಮೆಟ್ಟಿಲು ಪಿರಮಿಡ್ ಕಟ್ಟಿಸಿದ ಜೋಸರ್ ದೊರೆಯೇ ಖ್ನೂಮ್ ದೇವರಿಗೆ ಆ ಸೀಮೆಯನ್ನು ಬಿಟ್ಟುಕೊಟ್ಟನೆಂದು ಅದು ಹೇಳುತ್ತದೆ. ಕೊರೆದದ್ದು ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ, ಟಾಲೆಮಿಗಳ ಕಾಲದಲ್ಲಿ. ಆದರೆ ಇವು ತಮ್ಮ ಕಾಲದ ಬದುಕಿನೊಳಗೆ ಹುಟ್ಟಿದ ಸುಳ್ಳುಗಳು. ಯಾರಿಗೆ ಯಾವ ನೆಲ ಬೇಕಾಗಿತ್ತೆಂದು ಅವು ನಮಗೆ ತಿಳಿಸುತ್ತವೆ, ಆದ್ದರಿಂದ ಅವೂ ಆಕರಗಳೇ. ಬೋಲ್ಟನ್ನಿನ ರಾಜಕುಮಾರಿಯಿಂದ ಈಜಿಪ್ಟಿನ ಬಗ್ಗೆ ಒಂದು ಅಕ್ಷರವೂ ತಿಳಿಯುವುದಿಲ್ಲ.

ವಿದ್ವಾಂಸನ ಆಸೆಯನ್ನು ಅರಿತು ಅದಕ್ಕೆ ತಕ್ಕಂತೆ ಮಾಡಿಕೊಟ್ಟ ವಸ್ತುಗಳೂ ಇವೆ. ನೆಕೊ ದೊರೆಯ ಆಜ್ಞೆಯಂತೆ ಫಿನೀಷಿಯನ್ ನಾವಿಕರು ಆಫ್ರಿಕವನ್ನು ಸುತ್ತಿಬಂದರೆಂದು ಹೆರೊಡೋಟಸ್ ಬರೆದಿದ್ದಾನೆ. ಅದಕ್ಕೆ ಈಜಿಪ್ಟಿನಿಂದಲೇ ಸಾಕ್ಷಿ ಸಿಕ್ಕರೆ ಎಷ್ಟು ಚೆನ್ನ! ಸಿಕ್ಕೇಬಿಟ್ಟಿತು. ಆ ಪ್ರಯಾಣವನ್ನು ವರ್ಣಿಸುವ ಎರಡು ದೊಡ್ಡ ಸ್ಕ್ಯಾರಬ್‌ಗಳು ಬ್ರಸೆಲ್ಸ್ ಮ್ಯೂಸಿಯಂಗೆ ಬಂದವು. 1908ರಲ್ಲಿ ಬರ್ಲಿನ್ನಿನ ಎರ್ಮನ್ ಮತ್ತು ಶೇಫರ್ ಅವು ಖೋಟಾ ಎಂದು ತೋರಿಸಿದರು.

ಅತಿ ಸಂದೇಹವೂ ಅನ್ಯಾಯ ಮಾಡಬಲ್ಲದು. ಮೈದುಮ್‌ನ ಗೋರಿಯ ಗೋಡೆಯಿಂದ 1871ರಲ್ಲಿ ತೆಗೆದ ಬಾತುಗಳ ಚಿತ್ರ ಕೈರೋ ಮ್ಯೂಸಿಯಂನ ಹೆಮ್ಮೆ. ಅಂಥ ಹಕ್ಕಿಗಳು ಈಜಿಪ್ಟಿಗೆ ಬರುವುದಿಲ್ಲ, ಆದ್ದರಿಂದ ಚಿತ್ರ ಹತ್ತೊಂಬತ್ತನೆಯ ಶತಮಾನದ್ದು ಎಂದು 2015ರಲ್ಲಿ ಇಟಲಿಯ ವಿದ್ವಾಂಸ ತಿರಾದ್ರಿತ್ತಿ ವಾದಿಸಿದರು. 2021ರಲ್ಲಿ ಆಸ್ಟ್ರೇಲಿಯದ ರೊಮಿಲಿಯೊ, ಚಿತ್ರದಲ್ಲಿರುವ ಒಂದು ಜಾತಿ ಈಗ ಅಳಿದುಹೋಗಿರುವ ಬಾತು ಇರಬಹುದೆಂದರು. ಲೋಪವೆಂದು ಒಬ್ಬರು ಬಗೆದದ್ದು ಇನ್ನೊಬ್ಬರಿಗೆ ಜೀವವಿಜ್ಞಾನದ ಸುಳಿವಾಯಿತು. ನನ್ನ ಒಲವು ಬಾತುಗಳ ಕಡೆಗೆ.

ಬೋಲ್ಟನ್ನಿನ ಕಥೆಯನ್ನು ತಿರುಗಿಸಿ ಹಿಡಿದಂಥ ಇನ್ನೊಂದು ಪ್ರಕರಣವಿದೆ. 2017ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ನೆದ್ಜೆಮಾಂಖ್ ಎಂಬ ಪುರೋಹಿತನ ಚಿನ್ನದ ಲೇಪದ ಶವಪೆಟ್ಟಿಗೆಯನ್ನು ಸುಮಾರು 40 ಲಕ್ಷ ಡಾಲರಿಗೆ ಕೊಂಡಿತು. ಪೆಟ್ಟಿಗೆ ಅಪ್ಪಟ ಅಸಲಿ. ಜೊತೆಯಲ್ಲಿ ಬಂದ, 1971ರದೆಂದು ತೋರಿಸಿದ ರಫ್ತು ಪರವಾನಗಿ ಖೋಟಾ. ಈಜಿಪ್ಟಿನ 2011ರ ಕ್ರಾಂತಿಯ ಗೊಂದಲದ ದಿನಗಳಲ್ಲಿ ಗೋರಿಯಿಂದ ಕದ್ದ ಪೆಟ್ಟಿಗೆ ಅದು. ಕಳ್ಳರು ಒಳಗಿದ್ದ ದೇಹವನ್ನು ಎಸೆದಿದ್ದರು. ಒಂದು ಬೆರಳ ಮೂಳೆ ಉಳಿದಿತ್ತು. 2019ರಲ್ಲಿ ಪೆಟ್ಟಿಗೆ ಈಜಿಪ್ಟಿಗೆ ಮರಳಿತು. ಬೋಲ್ಟನ್ನಿನಲ್ಲಿ ಕಾಗದ ಅಸಲಿ, ವಸ್ತು ನಕಲಿ. ನ್ಯೂಯಾರ್ಕಿನಲ್ಲಿ ವಸ್ತು ಅಸಲಿ, ಕಾಗದ ನಕಲಿ. ಈಜಿಪ್ಟ್ 1983ರಲ್ಲೇ 117ನೆಯ ಸಂಖ್ಯೆಯ ಕಾಯಿದೆ ತಂದು ಪ್ರಾಚ್ಯವಸ್ತುಗಳ ವ್ಯಾಪಾರವನ್ನು ನಿಷೇಧಿಸಿದೆ. ಅದಾದ ಮೇಲೆ ಕದ್ದ ವಸ್ತುವಿಗೂ ಹೊಸದಾಗಿ ಮಾಡಿದ ವಸ್ತುವಿಗೂ ಒಂದೇ ತರದ ಹಳೆಯ ಕಥೆ ಬೇಕಾಗಿದೆ: ಯಾರದೋ ಅಜ್ಜನ ಸಂಗ್ರಹ, ಯಾವುದೋ ಹರಾಜು. ಕದ್ದವನೂ ಖೋಟಾಕೋರನೂ ನಡೆಯುವ ದಾರಿ ಒಂದೇ, ಮಧ್ಯವರ್ತಿಗಳೂ ಅವರೇ. ನಾಲ್ಕು ಪ್ರಶ್ನೆ ಕೇಳದೆ ಒಂದನ್ನು ಒಳಗೆ ಬಿಟ್ಟುಕೊಳ್ಳುವ ಮ್ಯೂಸಿಯಂ ಇನ್ನೊಂದನ್ನೂ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ನಕಲಿಯ ಪ್ರಶ್ನೆಯನ್ನು ಬರೀ ತಜ್ಞರ ಕಣ್ಣಿನ ಪ್ರಶ್ನೆಯಾಗಿ ನೋಡುವುದು ಸಾಲದು ಎಂದು ನಾನು ಒತ್ತಿ ಹೇಳುತ್ತೇನೆ.

ಸಿಕ್ಕಿಬಿದ್ದ ನಕಲಿಗಳನ್ನು ಏನು ಮಾಡಬೇಕು? ನೆಲಮಾಳಿಗೆಗೆ ತಳ್ಳುವುದು ಹಳೆಯ ರೂಢಿ. ಬ್ರಿಟಿಷ್ ಮ್ಯೂಸಿಯಂ 1990ರಲ್ಲಿ ನಕಲಿಗಳದೇ ದೊಡ್ಡ ಪ್ರದರ್ಶನ ಮಾಡಿತು. 2009ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂ ತನ್ನ ಕಾಪ್ಟಿಕ್, ಅಂದರೆ ಈಜಿಪ್ಟಿನ ಕ್ರೈಸ್ತರ ಕಾಲದ, ಶಿಲ್ಪಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇತ್ತೀಚಿನ ಕೆತ್ತನೆಯೆಂದು ತಾನೇ ಸಾರಿ, ಅಸಲಿಯನ್ನೂ ನಕಲಿಯನ್ನೂ ಒಟ್ಟಿಗೆ ಇಟ್ಟು ಜನರಿಗೆ ತೋರಿಸಿತು. ಬೋಲ್ಟನ್ ಕೂಡ ತನ್ನ ರಾಜಕುಮಾರಿಯನ್ನು 2011ರಲ್ಲಿ ನಕಲಿಯೆಂಬ ಹೆಸರಿನಲ್ಲೇ ಮತ್ತೆ ಪ್ರದರ್ಶಿಸಿತು. ಈ ಮೂವರಿಗೂ ನನ್ನ ಗೌರವ ಸಲ್ಲುತ್ತದೆ.

ಸಭೆಯಲ್ಲಿ ಶಾಲಾ ಅಧ್ಯಾಪಕರು ಅನೇಕರಿದ್ದೀರಿ. ನಮ್ಮ ಮಕ್ಕಳನ್ನು ಹೈದರಾಬಾದಿಗೆ ಕರೆದೊಯ್ಯುತ್ತೀರಿ. ಸಾಲಾರ್‌ಜಂಗ್ ಮ್ಯೂಸಿಯಂನಲ್ಲಿ ತೂತಾಂಖಾಮನ್ ಸಿಂಹಾಸನದ ಪ್ರತಿಕೃತಿ ಇದೆ, ರಾಜ್ಯ ಮ್ಯೂಸಿಯಂನಲ್ಲಿ ಈಜಿಪ್ಟಿನ ಮಮ್ಮಿ ಇದೆ. ಪ್ರತಿಕೃತಿ ಮೋಸವಲ್ಲ, ಅದು ತಾನು ಯಾವುದರ ಪಡಿಯಚ್ಚು ಎಂದು ಹೇಳಿಕೊಂಡೇ ನಿಲ್ಲುತ್ತದೆ. ಮಕ್ಕಳು ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಇದು ಎಷ್ಟು ಹಳೆಯದು ಎಂದೇ ಕೇಳುತ್ತಾರೆ. ಇದು ಎಲ್ಲಿ ಸಿಕ್ಕಿತು, ಯಾರು ಅಗೆದರು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಅಲ್ಲಿನ ಅಧಿಕಾರಿಗಳನ್ನು ಕೇಳಲು ಅವರಿಗೆ ಕಲಿಸಿ. ಉತ್ತರ ಚೀಟಿಯಲ್ಲಿಲ್ಲದಿದ್ದರೆ ಬರೆಸಿ ಹಾಕಿರೆಂದು ಶಾಲೆಯ ಪರವಾಗಿ ಒಂದು ಪತ್ರ ಹಾಕಿ. ಬೆಂಗಳೂರಿನ ಮ್ಯೂಸಿಯಂಗೂ ಹಾಕಿ, ನಿಮ್ಮ ಜಿಲ್ಲೆಯ ಮ್ಯೂಸಿಯಂಗೂ ಹಾಕಿ.